ಬೋರ್ಡಿಗೆ ಬಂದದ್ದಕ್ಕೆಲ್ಲ ಒಂದು ಗುರುತು: ದಕ್ಕೆಯ ಕೆಲಸದಿಂದ ಏಳು ಪಾಠಗಳು

ಮಂಗಳೂರಿನ ದಕ್ಕೆಯ ಐಸ್ ಪ್ಲಾಂಟ್‌ಗಳಲ್ಲಿ, ಬೈಕಂಪಾಡಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಾಪಮಾನ ಮತ್ತು ಕಂಪ್ರೆಸರ್ ಮೇಲೆ ಕಣ್ಣಿಡಲು ಬೀಗಲ್‌ಬೋನ್, ರಾಸ್ಪ್‌ಬೆರಿ ಪೈ ಥರದ ಲಿನಕ್ಸ್ ಬೋರ್ಡುಗಳನ್ನು ಕೂರಿಸುವುದು ನನ್ನ ಕೆಲಸ. ಇಂದು ಎರಡು ಸೆನ್ಸರ್ ಇದ್ದಲ್ಲಿ ಮುಂದಿನ ವರ್ಷ ಹತ್ತಾಗುತ್ತವೆ, ಮೀಟರ್ ಸೇರುತ್ತವೆ, ಕಾರ್ಡ್ ಸೇರುತ್ತವೆ. ಯಾವುದು ಯಾವುದೆಂದು ಬೋರ್ಡಿಗೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಮೂರನೇ ಕೋಣೆಯ ಮೀನು ಹಾಳಾಗುತ್ತಿರುವಾಗ ಐದನೇ ಕೋಣೆಯ ಅಲಾರಂ ಹೊಡೆಯುತ್ತದೆ. ಹಾಗಾಗಬಾರದೆಂದು ನಾನು ಪಾಲಿಸುವ ನಿಯಮಗಳಿವು.

1. ಕಾರ್ಡಿನ ಗುರುತು ಕಾರ್ಡಿನಲ್ಲೇ ಇರಲಿ

ಬೀಗಲ್‌ಬೋನ್ ಮೇಲೆ ಕೂರುವ ಕೇಪ್ ಎಂಬ ಕಾರ್ಡಿನಲ್ಲಿ ಒಂದು ಪುಟ್ಟ ಇಇಪ್ರಾಮ್ ಇರುತ್ತದೆ. ಅದಕ್ಕೆ ಮೀಸಲಾದ ವಿಳಾಸಗಳು ಹೆಕ್ಸ್ 54ರಿಂದ 57, ಅಂದರೆ ಒಟ್ಟು ನಾಲ್ಕು ಕೇಪ್. ಒಳಗೆ ತಯಾರಕರ ಹೆಸರಿಗೆ 16 ಬೈಟ್, ಪಾರ್ಟ್ ನಂಬರಿಗೆ 16, ಸೀರಿಯಲ್ ನಂಬರಿಗೆ 12. ಬೂಟ್ ಆಗುವಾಗ ಯು-ಬೂಟ್ ಇದನ್ನು ಓದಿ, ಪಾರ್ಟ್ ನಂಬರ್ ಮತ್ತು ಆವೃತ್ತಿ ಸೇರಿದ ಹೆಸರಿನ ಡಿವೈಸ್ ಟ್ರೀ ಓವರ್‌ಲೇ ಹುಡುಕುತ್ತದೆ. ಒಂದಕ್ಷರ ತಪ್ಪಿದರೂ ಅದು ಸಿಗುವುದಿಲ್ಲ. ಪೈ ಮೇಲೆ ಕೂರುವ ಹ್ಯಾಟ್ ಕಾರ್ಡುಗಳಿಗೆ 2014ರಲ್ಲಿ ಬಂದ ನಿಯಮವೂ ಇದೇ ದಾರಿಯದು. 27 ಮತ್ತು 28ನೇ ಪಿನ್ ಗುರುತಿನ ಇಇಪ್ರಾಮ್‌ಗೇ ಮೀಸಲು. ಬರೆದು ಮುಗಿಸಿದ ಮೇಲೆ ರೈಟ್ ಪ್ರೊಟೆಕ್ಟ್ ಹಾಕಲು ಮರೆಯಬೇಡಿ.

2. ವಿಳಾಸದ ಪಟ್ಟಿ ಮೊದಲು, ಖರೀದಿ ಆಮೇಲೆ

ಚಿಪ್‌ಗಳನ್ನು ಬೋರ್ಡಿಗೆ ಜೋಡಿಸುವ ಐ2ಸಿ ಬಸ್ಸಿನ ವಿಳಾಸ 7 ಬಿಟ್‌ನದು. 128ರಲ್ಲಿ 16 ಮೀಸಲು ಹೋಗಿ ಉಳಿಯುವುದು 112. ಸಾಕಷ್ಟಾಯಿತಲ್ಲ ಅನಿಸಬಹುದು. ಆದರೆ ಗಡಿಯಾರದ ಚಿಪ್ ಡಿಎಸ್3231 ಕೂರುವುದೂ ಹೆಕ್ಸ್ 68ರಲ್ಲಿ, ಕಂಪನ ಅಳೆಯುವ ಎಂಪಿಯು6050 ಕೂರುವುದೂ ಅಲ್ಲೇ. ಎರಡನೆಯದರ ವಿಳಾಸದ ಪಿನ್ ಎತ್ತಿ 69ಕ್ಕೆ ಸರಿಸಬಹುದು. ಆ ಸೌಲಭ್ಯವಿಲ್ಲದ ಚಿಪ್‌ಗಳಿಗೆ ಟಿಸಿಎ9548ಎ ಥರದ ಮಕ್ಸ್ ಹಾಕಿ ಬಸ್ಸನ್ನೇ ಎಂಟು ಕವಲು ಮಾಡಬೇಕು. ಇದೆಲ್ಲ ಕಾಗದದ ಮೇಲೆ ತೀರ್ಮಾನವಾಗಬೇಕಾದ ವಿಷಯ.

3. ಸರದಿಯನ್ನು ನಂಬಬೇಡಿ

ಎರಡು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಇದ್ದರೆ ಟಿಟಿವೈ ಯುಎಸ್‌ಬಿ 0 ಯಾವುದು, 1 ಯಾವುದು ಎನ್ನುವುದು ಯಾವುದು ಮೊದಲು ಎದ್ದಿತು ಎನ್ನುವುದರ ಮೇಲೆ ನಿಂತಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಅದು ಅದಲುಬದಲಾಗಬಹುದು. ಚಿಪ್ಪಿನಲ್ಲಿ ಸೀರಿಯಲ್ ನಂಬರ್ ಇದ್ದರೆ ಲಿನಕ್ಸ್‌ನ ಯುಡೆವ್ ನಿಯಮ ಬರೆದು ಕಾಯಂ ಹೆಸರು ಕೊಡಿ. ಅಗ್ಗದ ಸಿಎಚ್340ಜಿಯಲ್ಲಿ ಆ ನಂಬರೇ ಇಲ್ಲ. ಅಲ್ಲಿ ಯಾವ ಪೋರ್ಟ್ ಎಂಬುದನ್ನೇ ಗುರುತಾಗಿಸಿ, ಪೋರ್ಟಿನ ಮೇಲೂ ಬರೆದಿಡಿ.

4. ಮೀಟರಿಗೆ ನಂಬರ್ ಮೇಜಿನ ಮೇಲೇ ಕೊಡಿ

ಮೀಟರುಗಳು ಮಾತಾಡುವ ಮಾಡ್‌ಬಸ್‌ನಲ್ಲಿ 1ರಿಂದ 247ರವರೆಗೆ ವಿಳಾಸ ಕೊಡಬಹುದು. ಕಂಪನಿಯಿಂದ ಬರುವಾಗ ಹೆಚ್ಚಿನವು 1 ಎಂದೇ ಬರುತ್ತವೆ. ಹತ್ತನ್ನೂ ಗೋಡೆಗೆ ಹೊಡೆದು ವಯರ್ ಎಳೆದರೆ ಹತ್ತೂ ಒಟ್ಟಿಗೆ ಉತ್ತರಿಸಿ ಒಂದೂ ಕೇಳಿಸುವುದಿಲ್ಲ. ಒಂದೊಂದನ್ನೇ ಜೋಡಿಸಿ, ನಂಬರ್ ಬದಲಿಸಿ, ಓದಿ ನೋಡಿ, ಆಮೇಲೆ ಸೈಟಿಗೆ ಒಯ್ಯಿರಿ. ಕೋಣೆಗೊಂದು ಹತ್ತರ ಗುಂಪು ಇಟ್ಟುಕೊಂಡರೆ ಮುಂದೆ ಸೇರುವವಕ್ಕೂ ಜಾಗ ಇರುತ್ತದೆ.

5. ವಸ್ತುವಿನ ಗುರುತು ಬೇರೆ, ಅದರ ಕೆಲಸದ ಹೆಸರು ಬೇರೆ

ಏಳರಲ್ಲಿ ಇದೇ ಮುಖ್ಯ. ಡಿಎಸ್18ಬಿ20 ತಾಪಮಾನ ಸೆನ್ಸರಿಗೆ ಕಾರ್ಖಾನೆಯಲ್ಲೇ 64 ಬಿಟ್‌ನ ಗುರುತು ಬರೆದಿರುತ್ತಾರೆ; ಲಿನಕ್ಸ್‌ನಲ್ಲಿ ಅದು 28 ಎಂದು ಶುರುವಾಗುವ ಉದ್ದ ಹೆಸರಾಗಿ ಕಾಣುತ್ತದೆ. ಆ ಹೆಸರನ್ನು ಪ್ರೋಗ್ರಾಮಿನೊಳಗೇ ಬರೆದುಬಿಟ್ಟರೆ ಸೆನ್ಸರ್ ಕೆಟ್ಟ ದಿನ ಪ್ರೋಗ್ರಾಮನ್ನೇ ತಿದ್ದಬೇಕು. ಬದಲಿಗೆ 'ಮೂರನೇ ಕೋಣೆ, ಬಾಗಿಲ ಪಕ್ಕ' ಎಂಬ ಕೆಲಸದ ಹೆಸರಿಗೆ ಈಗ ಯಾವ ಸೆನ್ಸರ್ ಎಂದು ಹೇಳುವ ಒಂದು ಪುಟ್ಟ ಪಟ್ಟಿ ಇಡಿ. ಸೆನ್ಸರ್ ಬದಲಾದರೆ ತಿದ್ದಬೇಕಾದ್ದು ಒಂದೇ ಸಾಲು, ಹಳೆಯ ದಾಖಲೆಯೂ ಮುರಿಯುವುದಿಲ್ಲ.

6. ನಂಬರ್ ಕೊಡುವ ಪುಸ್ತಕ ಒಂದೇ ಇರಲಿ

ಕೆಎ-19 ಎಂದರೆ ಮಂಗಳೂರಿನ ಗಾಡಿ. ಅದರ ಮುಂದಿನ ನಂಬರನ್ನು ಆರ್‌ಟಿಒ ಕೊಡುತ್ತದೆ, ಮಾಲೀಕರು ತಾವೇ ಬರೆದುಕೊಳ್ಳುವುದಿಲ್ಲ. ಯುಎಸ್‌ಬಿಯ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಕೂಡ ಹಾಗೆಯೇ. ಸ್ವಂತ ವೆಂಡರ್ ಐಡಿಗೆ ಸಾವಿರಾರು ಡಾಲರ್ ಬೇಕು. ವಿನ್ಯಾಸವನ್ನು ಮುಕ್ತವಾಗಿ ಹಂಚುವವರಿಗೆ ಪಿಡ್ ಡಾಟ್ ಕೋಡ್ಸ್ ಎಂಬ ತಾಣ ಹೆಕ್ಸ್ 1209 ಎಂಬ ವೆಂಡರ್ ಐಡಿಯ ಅಡಿ ಉಚಿತವಾಗಿ ಪ್ರಾಡಕ್ಟ್ ಐಡಿ ಕೊಡುತ್ತದೆ. ಬೇರೆ ಕಂಪನಿಯ ಐಡಿ ಕದ್ದು ಬಳಸಿದರೆ ಯಾವುದೋ ತಪ್ಪು ಡ್ರೈವರ್ ಬಂದು ಕೂರುತ್ತದೆ. ನಮ್ಮ ಒಳಗಿನ ನಂಬರುಗಳಿಗೂ ಒಬ್ಬರೇ ಹೊಣೆ ಇರಲಿ, ಒಮ್ಮೆ ಕೊಟ್ಟ ನಂಬರ್ ಇನ್ನೊಂದಕ್ಕೆ ಹೋಗದಿರಲಿ.

7. ಉಪ್ಪುಗಾಳಿಗೆ ಅಳಿಯದ ಹಾಗೆ ಬರೆಯಿರಿ

ದಕ್ಕೆಯಲ್ಲಿ ಕಾಗದದ ಸ್ಟಿಕ್ಕರ್ ಒಂದು ಮಳೆಗಾಲ ದಾಟುವುದು ಕಷ್ಟ. ಗುರುತನ್ನು ಬೋರ್ಡಿನ ಮೇಲೆಯೇ ಅಚ್ಚು ಹಾಕಿಸಿ, ಕೇಬಲಿಗೆ ಕೆತ್ತಿದ ಬಿಲ್ಲೆ ಕಟ್ಟಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಐಸ್ ಪ್ಲಾಂಟ್‌ಗಳಿಗೂ ಬಿಡುವು. ಇಲ್ಲಿ ಈ ಕೆಲಸ ಮಾಡುವ ಎಲ್ಲರಲ್ಲೂ ನನ್ನ ವಿನಂತಿ ಇಷ್ಟೆ: ಆ ಎರಡು ತಿಂಗಳಲ್ಲಿ ಒಂದು ದಿನ ಪೆಟ್ಟಿಗೆ ತೆರೆದು, ಒಳಗಿರುವ ಪ್ರತಿಯೊಂದರ ಗುರುತನ್ನೂ ಪಟ್ಟಿಗೆ ಹೋಲಿಸಿ ನೋಡಿ, ಆ ಪಟ್ಟಿಯ ಒಂದು ಪ್ರತಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬನ್ನಿ.