ಹಸಿವಿನ ನಡುಕ: ಒಂದು ವಿವೇಚನೆ

ಊಟದ ಹೊತ್ತು ಮೀರಿದಾಗ ಕೈಬೆರಳುಗಳು ನಡುಗುವುದು, ಹಣೆಯ ಮೇಲೆ ತಣ್ಣನೆಯ ಬೆವರು ಮೂಡುವುದು, ಎದೆ ಡವಡವನೆ ಹೊಡೆದುಕೊಳ್ಳುವುದು, ಕಾರಣವಿಲ್ಲದೆ ಸಿಟ್ಟು ಬರುವುದು ಇವು ಬಹುಜನರ ಅನುಭವಕ್ಕೆ ಬಂದಿರುವ ಸಂಗತಿಗಳೇ. ನಮ್ಮ ಜನರು ಇದನ್ನು ‘ಶಕ್ತಿ ಇಳಿದುಹೋಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಶರೀರಶಾಸ್ತ್ರದ ಒಂದು ಸ್ವಾರಸ್ಯಕರವಾದ ಅಧ್ಯಾಯ. ಮಕ್ಕಳ ನಡುವೆ ದಿನ ಕಳೆಯುವ ಶಿಕ್ಷಕರು ಅದನ್ನು ಅರಿತಿರುವುದು ಅವಶ್ಯಕವೆಂದು ನನ್ನ ಭಾವನೆ.

ಮಾನವನ ಮಿದುಳು ದೇಹತೂಕದಲ್ಲಿ ನೂರಕ್ಕೆ ಸುಮಾರು 2ರಷ್ಟಿದ್ದರೂ ವಿಶ್ರಾಂತಿಯ ವೇಳೆಯಲ್ಲಿ ಶರೀರವು ವ್ಯಯಮಾಡುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ತಾನೇ ಬಳಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಗ್ಲೂಕೋಸ್ ದಿನಕ್ಕೆ ಸುಮಾರು 120 ಗ್ರಾಂ, ಎಂದರೆ ಗಂಟೆಗೆ 5 ಗ್ರಾಂ. ಆದರೆ ವಯಸ್ಕನೊಬ್ಬನ ಸಮಸ್ತ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸ್ ಒಂದು ಚಹಾ ಚಮಚದಷ್ಟು, ಕೇವಲ 4-5 ಗ್ರಾಂ! ಹೊರಗಿನಿಂದ ಪೂರೈಕೆಯಿಲ್ಲದೆ ಹೋದರೆ ಒಂದು ಗಂಟೆಯೊಳಗೆ ಇದು ಬರಿದಾಗಬೇಕಾಗಿತ್ತು. ಹಾಗಾಗದಿರಲು ಕಾರಣ ಪಿತ್ತಜನಕಾಂಗ. ಉಂಡ ಅನ್ನದ ಸಕ್ಕರೆಯನ್ನು ಅದು ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರಿಸಿಟ್ಟು, ಉಪವಾಸದ ವೇಳೆಯಲ್ಲಿ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಈ ವಸ್ತುವನ್ನು ಪಿತ್ತಜನಕಾಂಗದಿಂದ 1857ರಲ್ಲಿ ಬೇರ್ಪಡಿಸಿ ತೋರಿಸಿದವನು ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್. ಚೆನ್ನಾಗಿ ಉಂಡ ವಯಸ್ಕನಲ್ಲಿ ಈ ದಾಸ್ತಾನು ಸುಮಾರು 100 ಗ್ರಾಂ. ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಇದೆ, ಅದೂ ಇದಕ್ಕಿಂತ ಹೆಚ್ಚಾಗಿಯೇ ಇದೆ. ಆದರೆ ಸ್ನಾಯು ತನ್ನ ಕಾಳನ್ನು ತಾನೇ ಉಣ್ಣುತ್ತದೆ. ಗ್ಲೂಕೋಸನ್ನು ರಕ್ತಕ್ಕೆ ಹಿಂದಿರುಗಿಸಲು ಬೇಕಾದ ಕಿಣ್ವವು ಅದರಲ್ಲಿಲ್ಲ. ಊರಿಗೆಲ್ಲ ಅಳೆದುಕೊಡುವ ಹಗೇವು ಪಿತ್ತಜನಕಾಂಗವೊಂದೇ.

ಆರೋಗ್ಯವಂತರಲ್ಲಿ ಬೆಳಗಿನ ಬರಿಹೊಟ್ಟೆಯ ರಕ್ತದ ಸಕ್ಕರೆಯು 100 ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂ ಇರುತ್ತದೆ. ಊಟದ ಅಂತರ ಹೆಚ್ಚಿ ಇದು ಇಳಿಯತೊಡಗಿದಾಗ, ಮೊದಲು ಮೇದೋಜೀರಕಾಂಗವು ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. 70ರ ಆಸುಪಾಸಿಗೆ ಬಂದಾಗ ಅದೇ ಅಂಗದಿಂದ ಗ್ಲುಕಗಾನ್, ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಹೊರಬಂದು, ಸಕ್ಕರೆಯನ್ನು ಬಿಡುವಂತೆ ಪಿತ್ತಜನಕಾಂಗವನ್ನು ಒತ್ತಾಯಿಸುತ್ತವೆ. ಈ ಅಡ್ರಿನಲಿನ್ ಹಾವನ್ನು ಕಂಡಾಗ ಉಕ್ಕುವ ಅದೇ ರಸ. ಕೈನಡುಕವೂ ಎದೆಬಡಿತವೂ ಅದರ ಕೆಲಸ. ಬೆವರು ಅದರೊಡನೆ ಎಚ್ಚರಗೊಂಡ ನರಗಳದ್ದು. ಮಿದುಳಿನ ಕಾರ್ಯವೇ ಕುಂದುವುದು, ಅಂದರೆ ಮಾತು ತೊದಲುವುದು, ಲೆಕ್ಕ ತಪ್ಪುವುದು, ಮಂಕು ಕವಿಯುವುದು, ಸಾಮಾನ್ಯವಾಗಿ ಸಕ್ಕರೆಯು 50ರ ಕೆಳಗೆ ಇಳಿದ ಮೇಲೆ. ಹೀಗೆ ಕೈನಡುಕವು ಅಪಾಯಕ್ಕಿಂತ ಒಂದು ಹೆಜ್ಜೆ ಮುಂಚಿತವಾಗಿ ಬರುವ ದೂತ.

ಇದನ್ನು ಮನಗಾಣಿಸಿದ ಪ್ರಸಿದ್ಧ ಪ್ರಸಂಗವೊಂದಿದೆ. 1924ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟ ಮುಗಿಸಿದ ಕೆಲವರ ರಕ್ತವನ್ನು ಅಲ್ಲಿಯ ವೈದ್ಯರು ಪರೀಕ್ಷಿಸಿದರು. ಬಿಳಿಚಿಕೊಂಡು, ನಿತ್ರಾಣರಾಗಿ, ನಡುಗುತ್ತ ಬಂದವರಲ್ಲಿ ಸಕ್ಕರೆಯು ಬಹಳ ಇಳಿದಿತ್ತು. ಮರುವರ್ಷ ಅದೇ ಓಟದಲ್ಲಿ ಓಟಗಾರರಿಗೆ ಮುಂಚಿತವಾಗಿ ಪಿಷ್ಟಯುಕ್ತ ಆಹಾರವನ್ನೂ ದಾರಿಯಲ್ಲಿ ಮಿಠಾಯಿಯನ್ನೂ ಕೊಟ್ಟು ನೋಡಲಾಗಿ, ಅವರು ಹಿಂದಿನ ವರ್ಷಕ್ಕಿಂತ ಉತ್ತಮ ಸ್ಥಿತಿಯಲ್ಲಿ ಗುರಿ ಮುಟ್ಟಿದರು.

ಹಾಗೆಂದು ಪ್ರತಿಯೊಂದು ನಡುಕಕ್ಕೂ ಸಕ್ಕರೆಯ ಇಳಿತವನ್ನೇ ಹೊಣೆಮಾಡುವುದು ಸರಿಯಲ್ಲ. ಶಸ್ತ್ರವೈದ್ಯ ಅಲನ್ ವಿಪಲ್ 1938ರಲ್ಲಿ ಹಾಕಿಕೊಟ್ಟ ಮೂರು ಕಟ್ಟಳೆಗಳು ಇಂದಿಗೂ ಮಾನ್ಯವಾಗಿವೆ: ಲಕ್ಷಣಗಳು ಕಾಣಿಸಿಕೊಳ್ಳಬೇಕು, ಆ ವೇಳೆಯಲ್ಲಿಯೇ ರಕ್ತದ ಸಕ್ಕರೆ ಇಳಿದಿರುವುದು ಪರೀಕ್ಷೆಯಲ್ಲಿ ತಿಳಿಯಬೇಕು, ಸಕ್ಕರೆ ಕೊಟ್ಟೊಡನೆ ಲಕ್ಷಣಗಳು ಮಾಯವಾಗಬೇಕು. ಅಮೆರಿಕದಲ್ಲಿ ಒಂದು ಕಾಲಕ್ಕೆ ಆಯಾಸ, ಬೇಸರ, ತಲೆನೋವುಗಳಿಗೆಲ್ಲ ‘ಸಕ್ಕರೆ ಇಳಿತ’ವೇ ಕಾರಣವೆಂಬ ಗಾಳಿಮಾತು ಹಬ್ಬಿದಾಗ, 1973ರಲ್ಲಿ ಅಲ್ಲಿಯ ವೈದ್ಯಸಂಸ್ಥೆಗಳು ಕೂಡಿ ಅದನ್ನು ನಿರಾಕರಿಸಿ ಹೇಳಿಕೆ ಕೊಡಬೇಕಾಯಿತು. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯ ವೇಳೆ ಬಿಸಿಲಲ್ಲಿ ನಿಂತ ಮಗು ಬವಳಿ ಬಂದು ಬೀಳುವುದುಂಟು. ಅದು ಬಹುತೇಕ ರಕ್ತವು ಕಾಲುಗಳಲ್ಲಿ ನಿಂತು ಮಿದುಳಿಗೆ ಏರದೆ ಹೋದುದರಿಂದ. ಮಲಗಿಸಿ ಕಾಲನ್ನು ಎತ್ತಿ ಹಿಡಿದರೆ ಸಾಕು, ಚೇತರಿಸಿಕೊಳ್ಳುತ್ತದೆ. ಪರೀಕ್ಷೆಯ ದಿನ ಬರಿಹೊಟ್ಟೆಯಲ್ಲಿ ಎರಡು ಲೋಟ ಕಾಫಿ ಕುಡಿದು ಬಂದವನ ಕೈ ನಡುಗಿದರೆ ಅದರಲ್ಲಿ ಹಸಿವಿನ ಪಾಲೆಷ್ಟು, ಭಯದ ಪಾಲೆಷ್ಟು, ಕಾಫಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ವೈದ್ಯನಿಗೂ ಕಷ್ಟ.

ಆದರೂ ಮಕ್ಕಳ ಮಾತು ಬೇರೆ. ಅವರ ದೇಹ ಚಿಕ್ಕದು, ಪಿತ್ತಜನಕಾಂಗದ ದಾಸ್ತಾನೂ ಚಿಕ್ಕದು. ಮಿದುಳು ಮಾತ್ರ ದೇಹಕ್ಕೆ ಹೋಲಿಸಿದರೆ ದೊಡ್ಡದು. ಕೃಶವಾದ ಮಗುವಿನಲ್ಲಿ ಈ ದಾಸ್ತಾನು ಇನ್ನೂ ಬೇಗ ತೀರುತ್ತದೆ. ತೀರಿದ ಮೇಲೆ ಶರೀರವು ಮೇದಸ್ಸನ್ನೂ ಸಸಾರಜನಕವನ್ನೂ ಬಳಸಿಕೊಂಡು ಹೇಗೋ ನಿಭಾಯಿಸುತ್ತದೆ. ಆ ಎರಡನೆಯ ದಾರಿಯೂ ಮುಚ್ಚಿದರೆ ಏನಾಗುವುದೆಂಬುದನ್ನು ಬಿಹಾರದ ಮುಜಫರಪುರ ಜಿಲ್ಲೆ ತೋರಿಸಿಕೊಟ್ಟಿದೆ. ಅಲ್ಲಿ ಲಿಚಿ ಹಣ್ಣಿನ ಕಾಲದಲ್ಲಿ ಹಲವು ವರ್ಷ ಚಿಕ್ಕ ಮಕ್ಕಳು ನಸುಕಿನಲ್ಲಿ ಸೆಳವು ಬಂದು, ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. 2014ರ ಒಂದೇ ಋತುವಿನಲ್ಲಿ ಎರಡು ಆಸ್ಪತ್ರೆಗಳಿಗೆ ಬಂದ 390 ಮಕ್ಕಳಲ್ಲಿ 122 ಮಕ್ಕಳು ತೀರಿಕೊಂಡರು. 2017ರಲ್ಲಿ ಪ್ರಕಟವಾದ ಶೋಧನೆಯು ಎರಡು ಸಂಗತಿಗಳನ್ನು ಬೆಳಕಿಗೆ ತಂದಿತು. ಲಿಚಿಯಲ್ಲಿ ಹೊಸ ಸಕ್ಕರೆಯ ತಯಾರಿಕೆಯನ್ನು ತಡೆಯುವ ವಿಷಾಂಶವಿದೆ. ಮತ್ತು ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳಿಗೆ ಅಪಾಯ ಹೆಚ್ಚು. ತೋಟದಲ್ಲಿ ಹಗಲೆಲ್ಲ ಹಣ್ಣು ತಿಂದ ಮಗು ‘ಹಸಿವಿಲ್ಲ’ ಎಂದು ಮಲಗಿಬಿಡುತ್ತಿತ್ತು. ಶೋಧಕರು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದುದು ಮಕ್ಕಳಿಗೆ ರಾತ್ರಿಯ ಊಟವನ್ನು ತಪ್ಪಿಸಕೂಡದು ಎಂಬುದು. ಒಂದು ಹೊತ್ತಿನ ಅನ್ನಕ್ಕೂ ಒಂದು ಜೀವಕ್ಕೂ ನಡುವೆ ಇಷ್ಟು ಸಮೀಪದ ನಂಟು ಇರಬಲ್ಲದೆಂದು ಯಾರು ತಾನೆ ಊಹಿಸಿದ್ದರು?

ನಮ್ಮ ಕಡೆ ಅಂಥ ವಿಷಾಂಶದ ಭಯವಿಲ್ಲ. ಆದರೆ ಗಂಟೆಗಳ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ರಾತ್ರಿ ಏಳೂವರೆಗೆ ಉಂಡ ಹಳ್ಳಿಯ ಹುಡುಗಿ ಬೆಳಿಗ್ಗೆ ಬಸ್ಸು ತಪ್ಪೀತೆಂದು ಏನೂ ತಿನ್ನದೆ ಓಡಿಬಂದರೆ, ಮಧ್ಯಾಹ್ನ ಒಂದು ಗಂಟೆಗೆ ತಟ್ಟೆಯ ಮುಂದೆ ಕೂಡುವಾಗ ಹದಿನೇಳೂವರೆ ಗಂಟೆ ಕಳೆದಿರುತ್ತದೆ. ಹನ್ನೊಂದೂವರೆಯ ಗಣಿತದ ತರಗತಿಯಲ್ಲಿ ಅವಳು ಕಿಟಕಿಯ ಆಚೆ ನೋಡಿದರೆ, ಪಕ್ಕದವಳ ಮೇಲೆ ರೇಗಿದರೆ, ಸೀಮೆಸುಣ್ಣ ಹಿಡಿದ ಕೈ ನಡುಗಿದರೆ, ಅದನ್ನು ಉದ್ಧಟತನವೆಂದೋ ಸೋಮಾರಿತನವೆಂದೋ ಎಣಿಸಿ ಬೆಂಚಿನ ಮೇಲೆ ನಿಲ್ಲಿಸುವ ಮೊದಲು ‘ಬೆಳಿಗ್ಗೆ ಏನು ತಿಂದೆ, ಮಗು?’ ಎಂದು ಕೇಳುವುದು ಲೇಸು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ಮಧ್ಯಾಹ್ನದ ಹಸಿವನ್ನು ನೀಗಿಸಿತು. 2013ರಲ್ಲಿ ಬಂದ ಕ್ಷೀರಭಾಗ್ಯವು ಶಾಲೆಯಲ್ಲಿ ಒಂದು ಲೋಟ ಬಿಸಿಹಾಲನ್ನು ಸೇರಿಸಿತು. ದಾನಿಗಳು ಕಟ್ಟಡಕ್ಕೆ ಕೊಡುವಷ್ಟೇ ಸಂತೋಷದಿಂದ ಬೆಳಗಿನ ಉಪಾಹಾರಕ್ಕೂ ಕೊಡಬಹುದು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಅನುಕೂಲ ಅದರಲ್ಲಿ ಇಲ್ಲವೆಂಬುದು ನಿಜ. ಆ ಉಪಾಹಾರವು ಬರಿಯ ಚಹಾ ಬನ್ ಆಗಿದ್ದರೆ ಬೇಗ ಜೀರ್ಣವಾಗಿ ಬೇಗ ಹಸಿವಾಗುತ್ತದೆ. ರೊಟ್ಟಿಯೊಡನೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ಸಸಾರಜನಕವೂ ನಾರೂ ಕೊಬ್ಬೂ ಸೇರಿ ಜೀರ್ಣವು ನಿಧಾನವಾಗುತ್ತದೆ. ಸಕ್ಕರೆಯು ಹನಿಹನಿಯಾಗಿ ರಕ್ತಕ್ಕೆ ಬರುತ್ತದೆ.

ನಿಜವಾದ ಅಪಾಯವಿರುವುದು ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳಿಗೆ. ಸ್ವಂತ ಇನ್ಸುಲಿನ್ ಹೊಟ್ಟೆ ಬರಿದಾದಾಗ ತಾನಾಗಿ ತಗ್ಗುತ್ತದೆ. ಚುಚ್ಚಿದ ಇನ್ಸುಲಿನ್‌ಗೆ ಊಟ ತಡವಾದುದು ಗೊತ್ತಾಗುವುದಿಲ್ಲ. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವ ನಮ್ಮ ಹಿರಿಯ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಅವರಲ್ಲಿ ರಕ್ತದೊತ್ತಡಕ್ಕೆ ಅಟೆನೊಲಾಲ್ ಜಾತಿಯ ಔಷಧಿ ತೆಗೆದುಕೊಳ್ಳುವವರಿಗೆ ನಡುಕವೂ ಎದೆಬಡಿತವೂ ಅಡಗಿಹೋಗಿ ಬೆವರೊಂದೇ ಗುರುತಾಗಿ ಉಳಿಯಬಹುದು. ಸಕ್ಕರೆ ಪದೇಪದೇ ಇಳಿಯುವವರಲ್ಲಿಯೂ ಈ ಎಚ್ಚರಿಕೆ ಮಂದವಾಗುತ್ತದೆ.

ಅಂಥ ವಿದ್ಯಾರ್ಥಿ ತರಗತಿಯಲ್ಲಿ ನಡುಗಿದರೆ ಗಂಟೆ ಬಾರಿಸುವವರೆಗೆ ಕಾಯಬಾರದು. ಎಚ್ಚರವಿದ್ದು ನುಂಗಬಲ್ಲವನಾದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಚಾಕಲೇಟಿನ ಕೊಬ್ಬು ಸಕ್ಕರೆಯನ್ನು ತಡೆಯುವುದರಿಂದ ಅದು ಈ ಹೊತ್ತಿಗೆ ಒದಗದು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಸುಧಾರಿಸಿದ ಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಹೊರಳಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ ಸಕ್ಕರೆಯ ಡಬ್ಬಿಯೊಂದು ಸದಾ ಇರಲಿ, ಆ ಖಾನೆಗೆ ಬೀಗ ಬೇಡ. ಚೇತರಿಸಿಕೊಂಡ ಮಗುವನ್ನು ಒಂಟಿಯಾಗಿ ಮನೆಗೆ ಕಳುಹಿಸದೆ ಪಾಲಕರ ಕೈಗೇ ಒಪ್ಪಿಸತಕ್ಕದ್ದು.