ಸ್ಟೈಲ್ ಮುಟ್ಟುವ ಮೊದಲು ಗೆರೆಗಳನ್ನು ಎಣಿಸು

ನೀನು ಕಳಿಸಿದ ಅಲೆಯ ಅನಿಮೇಶನ್ ನೋಡಿದೆ ಮಗಳೇ. ಮೊದಲ ಫ್ರೇಮಿನಲ್ಲಿ ನೀಲಿ ತುಂಡುಗೆರೆ ಚೆನ್ನಾಗಿಯೇ ಮೂಡುತ್ತದೆ. ಮುಂದಿನ ಫ್ರೇಮಿಗೆ ಕಿತ್ತಳೆ, ಅದರ ಮುಂದಕ್ಕೆ ಹಸಿರು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಬಣ್ಣದ ಪಟ್ಟಿ, ಅಲೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಬಣ್ಣ ಬದಲಾಗದಿರಲಿ ಅಂತ ನೀನು ಕಲರ್ ಹಾಕಿದೆ. ಪಟ್ಟಿ ಪೂರ್ತಿ ನೀಲಿಯಾಯಿತು. ತಿಳಿಯಾಗಲಿ ಅಂತ ಗಾಢತೆಯ ಅಳತೆಯಾದ ಆಲ್ಫಾ ಇಳಿಸಿದೆ. ಕ್ಷಣದಲ್ಲೇ ಮತ್ತೆ ಗಾಢವಾಯಿತು. ಲೈನ್‌ಸ್ಟೈಲ್ ಬದಲಿಸಿದರೂ ತುಂಡುಗಳ ನಡುವಿನ ಸಂದು ಕಾಣಲಿಲ್ಲ. ಇವೆಲ್ಲಕ್ಕೂ ಕಾರಣ ಒಂದೇ, ಅದು ಸ್ಟೈಲಿನಲ್ಲಿ ಇಲ್ಲ.

ಪ್ರತಿ ಫ್ರೇಮಿಗೂ ಓಡುವ ಅಪ್‌ಡೇಟ್ ಫಂಕ್ಷನ್ನಿನ ಒಳಗೆ, ಆಕ್ಸೀಸ್‌ನ ಲೈನ್ಸ್ ಪಟ್ಟಿಯಲ್ಲಿ ಎಷ್ಟು ಗೆರೆಗಳಿವೆ ಅಂತ ಒಂದು ಸಲ ಪ್ರಿಂಟ್ ಮಾಡಿ ನೋಡು. ಸಂಖ್ಯೆ ಏರುತ್ತಾ ಹೋದರೆ ಗುಟ್ಟು ಹೊರಬಿತ್ತು. ನೀನು ಪ್ರತಿ ಫ್ರೇಮಿಗೂ ಪ್ಲಾಟ್ ಕರೆಯುತ್ತಿದ್ದೀಯ. ನೀನು ಬಳಸುತ್ತಿರುವ ಪೈಥಾನ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಹಳೆಯ ಗೆರೆಯನ್ನು ಹಾಗೇ ಉಳಿಸಿ ಅದರ ಮೇಲೆ ಹೊಸದನ್ನು ಎಳೆಯುತ್ತಿದೆ. ಬಣ್ಣ ಕೊಡದಿದ್ದರೆ ತನ್ನ ಹತ್ತು ಬಣ್ಣಗಳ ಸರದಿಯಿಂದ ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ತೊಗಲುಬೊಂಬೆ ಆಡಿಸುವವರು ಪ್ರತಿ ಹೆಜ್ಜೆಗೂ ಹೊಸ ಬೊಂಬೆ ಕತ್ತರಿಸುವುದಿಲ್ಲವಲ್ಲ, ಇರುವ ಬೊಂಬೆಯನ್ನೇ ಆಡಿಸುತ್ತಾರೆ. ನೀನೂ ಪ್ಲಾಟ್ ಅನ್ನು ಹೊರಗೆ ಒಂದೇ ಸಲ ಕರೆದು, ಬಂದ ಗೆರೆಯನ್ನು ಹೆಸರಿಟ್ಟು ಹಿಡಿದುಕೋ. ಪ್ಲಾಟ್ ಕೊಡುವುದು ಒಂದು ಪಟ್ಟಿಯನ್ನು. ಅದರಿಂದ ಗೆರೆಯನ್ನು ಬಿಡಿಸಿಕೊಳ್ಳಲು ಹೆಸರಿನ ನಂತರ ಒಂದು ಅಲ್ಪವಿರಾಮ ಬೇಕು. ಆಮೇಲೆ ಪ್ರತಿ ಫ್ರೇಮಿಗೂ ಸೆಟ್-ಡೇಟಾ ಕರೆದು ಹೊಸ ಬಿಂದುಗಳನ್ನು ಕೊಟ್ಟರೆ ಸಾಕು. ಬಣ್ಣ, ದಪ್ಪ, ತುಂಡುಗಳ ಅಳತೆ ಎಲ್ಲ ಆ ಗೆರೆಯ ಜೊತೆಗೇ ಇರುತ್ತವೆ.

ಪ್ಲಾಟ್‌ಗೆ ಮುಂಚೆ ಕ್ಲಿಯರ್ ಮಾಡಿದರಾಯಿತು ಅಂತ ಹಲವರು ಹೇಳುತ್ತಾರೆ. ಕೆಲಸ ನಡೆಯುತ್ತದೆ ನಿಜ. ಆದರೆ ಶೀರ್ಷಿಕೆ, ಅಕ್ಷದ ಹೆಸರು, ಮಿತಿ ಎಲ್ಲ ಅಳಿಸಿಹೋಗಿ ಪ್ರತಿ ಸಲ ಹೊಸದಾಗಿ ಬರೆಯಬೇಕಾಗುತ್ತದೆ, ಓಟವೂ ನಿಧಾನವಾಗುತ್ತದೆ. ನಾನು ಆ ದಾರಿ ಹೇಳಿಕೊಡುವುದಿಲ್ಲ.

ಸೆಟ್-ಡೇಟಾಗೆ ಒಂಟಿ ಸಂಖ್ಯೆ ಕೊಡಬೇಡ. ಚಲಿಸುವ ಒಂದೇ ಚುಕ್ಕೆಯಾದರೂ ಅದರ ಎಕ್ಸ್, ವೈ ಎರಡನ್ನೂ ಪಟ್ಟಿಯೊಳಗೆ ಇಟ್ಟು ಕೊಡು. ಹಳೆಯ ಆವೃತ್ತಿಗಳು ಸುಮ್ಮನಿರುತ್ತಿದ್ದವು, ಹೊಸವು ಎರರ್ ಕೊಡುತ್ತವೆ. ಡೇಟಾ ಬದಲಾಯಿತೆಂದು ಅಕ್ಷದ ಮಿತಿ ತಾನಾಗಿ ಹಿಗ್ಗುವುದಿಲ್ಲ ಎಂಬುದೂ ನೆನಪಿರಲಿ. ಅಲೆ ಎಲ್ಲಿಯವರೆಗೆ ಏರಬಹುದೆಂದು ಮೊದಲೇ ಲೆಕ್ಕ ಹಾಕಿ ಮಿತಿ ಹಾಕಿಬಿಡು.

ಇನ್ನು ತುಂಡುಗೆರೆಯ ವಿಷಯ. ಗೆರೆ ಒಂದೇ ಇದ್ದರೂ ಸಂದು ಮುಚ್ಚಿಹೋಗುವ ಇನ್ನೊಂದು ಸಂದರ್ಭವಿದೆ. ತುಂಡು 5, ಸಂದು 1 ಅಂತ ಕೊಟ್ಟರೆ ಆ ಅಂಕಿಗಳು ಗೆರೆಯ ದಪ್ಪದಿಂದ ಗುಣಿಸಲ್ಪಡುತ್ತವೆ, ಅಂದರೆ ಸಂದು ಗೆರೆಯ ದಪ್ಪದಷ್ಟೇ. ತುದಿ ದುಂಡಗಿರಲಿ ಅಂತ ಡ್ಯಾಶ್ ಕ್ಯಾಪ್‌ಸ್ಟೈಲನ್ನು ರೌಂಡ್ ಮಾಡಿದೆಯೋ, ಎರಡೂ ಬದಿಯಿಂದ ಅರ್ಧರ್ಧ ದಪ್ಪ ಚಾಚಿಕೊಂಡು ತುದಿಗಳು ಒಂದನ್ನೊಂದು ಮುಟ್ಟಿಬಿಡುತ್ತವೆ. ಆಗ ದಪ್ಪ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಸಂದಿನ ಅಂಕಿಯನ್ನೇ 3ಕ್ಕೋ 4ಕ್ಕೋ ಏರಿಸಬೇಕು.

ಗೆರೆ ಒಂದೇ ಆಗಿ ಸಂದು ಕಂಡ ಮೇಲೆ ತುಂಡುಗಳು ಹುಳುವಿನಂತೆ ಹರಿದಾಡಬಹುದು, ಅದು ದೋಷವಲ್ಲ. ತುಂಡುಗಳ ಅಳತೆ ಗೆರೆಯ ಮೊದಲ ಬಿಂದುವಿನಿಂದ, ಗೆರೆಯ ಉದ್ದಕ್ಕೂ ನಡೆಯುತ್ತದೆ. ಅಲೆ ಬಾಗಿದಂತೆ ಆ ಉದ್ದ ಬದಲಾಗುತ್ತದೆ, ತುಂಡುಗಳು ಜಾರುತ್ತವೆ. ನೋಡುವವರ ಕಣ್ಣು ಅಲೆಯನ್ನು ಬಿಟ್ಟು ತುಂಡುಗಳ ಹಿಂದೆ ಓಡುತ್ತದೆ. ಅದಕ್ಕೇ ಚಲಿಸುವುದನ್ನು ಅಖಂಡ ಗೆರೆಯಲ್ಲಿ ಎಳೆ. ತುಂಡುಗೆರೆಯನ್ನು ಅಲುಗಾಡದ ಸಮತೋಲ ರೇಖೆಗೆ ಮೀಸಲಿಡು. ಗೆರೆಯ ರೂಪ ಬರೀ ಅಲಂಕಾರವಲ್ಲ. ಜಾನ್ ಹಂಟರ್ ಎಂಬ ನರವಿಜ್ಞಾನಿ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಕಟ್ಟಲು ತೊಡಗಿದ್ದೇ ಅಪಸ್ಮಾರದ ರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ಕಣ್ಣಿಗೆ ಕಾಣಿಸಬೇಕೆಂದು. 2003ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು, 2012ರಲ್ಲಿ ತೀರಿಕೊಂಡರು. ಅಂಥ ಕೆಲಸದಲ್ಲಿ ಯಾವ ಏರಿಳಿತ ಸಂಕೇತದ್ದು, ಯಾವುದು ಬರೀ ಚಿತ್ರಣದ್ದು ಅನ್ನುವುದು ಸ್ಪಷ್ಟವಿರಲೇಬೇಕು. ನಿನ್ನ ಭೌತಶಾಸ್ತ್ರದ ಪ್ರಾಜೆಕ್ಟಿಗೂ ಅದೇ ಅನ್ವಯಿಸುತ್ತದೆ.

ಚಿತ್ರ ಅಲುಗಾಡದೇ ನಿಂತರೆ ಮೊದಲು ನೋಡಬೇಕಾದದ್ದು, ಅಪ್‌ಡೇಟ್ ಫಂಕ್ಷನ್ನನ್ನು ಓಡಿಸುವ ಫಂಕ್‌ಅನಿಮೇಶನ್ ಕೊಟ್ಟದ್ದನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟಿದ್ದೀಯಾ ಎಂಬುದನ್ನು. ಹಿಡಿಯದಿದ್ದರೆ ಪೈಥಾನ್ ಅದನ್ನು ಬೇಡದ್ದೆಂದು ಗುಡಿಸಿಹಾಕುತ್ತದೆ. ಜುಪಿಟರ್ ನೋಟ್‌ಬುಕ್ಕಿನ ಇನ್‌ಲೈನ್ ಪ್ಲಾಟ್ ನಿಂತ ಚಿತ್ರವನ್ನಷ್ಟೇ ತೋರಿಸುತ್ತದೆ; ಅಲ್ಲಿ ಜೆಎಸ್‌ಎಚ್‌ಟಿಎಂಎಲ್ ರೂಪಕ್ಕೆ ತಿರುಗಿಸಬೇಕು. ಬದಲಾದ ಭಾಗವನ್ನಷ್ಟೇ ಮತ್ತೆ ಎಳೆಯುವ ಬ್ಲಿಟ್ ಬಳಸುವುದಾದರೆ ಬದಲಾದ ಗೆರೆಗಳನ್ನು ಅಪ್‌ಡೇಟ್ ಫಂಕ್ಷನ್ ಪಟ್ಟಿಯಾಗಿ ಹಿಂದಿರುಗಿಸಲೇಬೇಕು, ಒಂದೇ ಗೆರೆಯಿದ್ದರೂ. ಕಡತಕ್ಕೆ ಉಳಿಸುವಾಗ ಬ್ಲಿಟ್ ಬಳಕೆಯಾಗುವುದಿಲ್ಲ. ಆದ್ದರಿಂದ ಉಳಿಸಿದ ವಿಡಿಯೊ ಸರಿಯಿದ್ದು ಪರದೆಯ ಮೇಲೆ ಮಾತ್ರ ಕೆಟ್ಟರೆ ಬ್ಲಿಟ್ ಕಡೆಗೇ ಹುಡುಕು.

ಫ್ರೇಮುಗಳ ನಡುವಿನ ಸಮಯವಾದ ಇಂಟರ್‌ವಲ್ ನೀನು ಕೊಟ್ಟಿಲ್ಲ. ಹಾಗೆ ಬಿಟ್ಟರೆ ಅದು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಐದೇ ಫ್ರೇಮ್. ಅಲೆ ಕುಂಟುವುದು ಅದಕ್ಕೇ. 40 ಕೊಡು. ನಿನ್ನ ಕಂಪ್ಯೂಟರಿನಲ್ಲಿ ವಿಡಿಯೊ ಉಳಿಸಲು ಬೇಕಾದ ಎಫ್‌ಎಫ್‌ಎಂಪೆಗ್ ಇಲ್ಲದಿದ್ದರೆ ಪಿಲ್ಲೋ ಬಳಸಿ ಜಿಫ್ ಆಗಿ ಉಳಿಸಿ ಕಳಿಸು, ನೋಡುತ್ತೇನೆ.