ಕಾರ್ಡಿನಿಂದ ಲಿನಕ್ಸ್ ಏಳುವುದು ಹೇಗೆ? ಮಸೀದಿಯ ಬೋರ್ಡ್ ಕಲಿಸಿದ ಪಾಠ

ಕಳೆದ ರಮಝಾನ್‌ನ ಒಂದು ಸಂಜೆ ನಮ್ಮ ಮೊಹಲ್ಲಾದ ಮಸೀದಿಯಲ್ಲಿ 5.40ಕ್ಕೆ ಕರೆಂಟ್ ಹೋಗಿ 6.10ಕ್ಕೆ ಬಂತು. ನಮಾಝ್ ವೇಳೆ ತೋರಿಸುವ ಗೋಡೆಯ ಟಿವಿ ತಾನಾಗಿ ಹತ್ತಿಕೊಂಡಿತು. ಆದರೆ ಅದರಲ್ಲಿದ್ದ ಸಮಯ 5.17! ಮಗ್ರಿಬ್ ಅಝಾನ್ ಆದಾಗ ಬೋರ್ಡಿನ ಲೆಕ್ಕದಲ್ಲಿ ಇಫ್ತಾರಿಗೆ ಇನ್ನೂ ಐವತ್ತಕ್ಕೂ ಹೆಚ್ಚು ನಿಮಿಷ ಬಾಕಿ ಇತ್ತು. ಮುಅಝ್ಝಿನ್ ಸಾಹೇಬರು ಕೈಗಡಿಯಾರ ನೋಡಿಯೇ ಅಝಾನ್ ಕೊಟ್ಟಿದ್ದರಿಂದ ಯಾರ ರೋಝಾಕ್ಕೂ ತೊಂದರೆ ಆಗಲಿಲ್ಲ. ಆದರೂ ಹಿರಿಯರೊಬ್ಬರು ಖರ್ಜೂರ ಕೈಯಲ್ಲಿ ಹಿಡಿದು ಒಮ್ಮೆ ಟಿವಿ, ಒಮ್ಮೆ ಮಿಹ್ರಾಬ್ ಕಡೆ ನೋಡುತ್ತ ಕೂತದ್ದು ನನಗೆ ನೆನಪಿದೆ.

ಆ ಟಿವಿಯ ಹಿಂದೆ ಇರುವುದು ರಾಸ್ಪ್‌ಬೆರಿ ಪೈ 3 ಎಂಬ ಚಿಕ್ಕ ಕಂಪ್ಯೂಟರ್. ಅದನ್ನು ಜೋಡಿಸಿಕೊಟ್ಟವರು ಮೊಬೈಲ್ ರಿಪೇರಿ ಮಾಡುವ ನನ್ನ ಮಾಮೂ. "ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದೀಯಲ್ಲ, ನೀನೇ ನೋಡು" ಎಂದು ನನಗೆ ಒಪ್ಪಿಸಿದರು. ನೋಡಲು ಹೋಗಿ ನಾನು ಕಲಿತದ್ದು ಬೂಟಿಂಗ್. ನಮ್ಮ ಪುಸ್ತಕದಲ್ಲಿ ಬೂಟಿಂಗ್‌ಗೆ ಎರಡು ಸಾಲಿನ ಉತ್ತರ ಇದೆ, ಪರೀಕ್ಷೆಗೆ ಅಷ್ಟು ಸಾಕು. ಬೋರ್ಡ್ ಸರಿಮಾಡಲು ಸಾಕಾಗುವುದಿಲ್ಲ.

ಪೈ ಒಳಗೆ ಹಾರ್ಡ್ ಡಿಸ್ಕ್ ಇಲ್ಲ. ಲಿನಕ್ಸ್ ಇಡಿಯಾಗಿ ಉಗುರಿನಷ್ಟು ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿದೆ. ಕರೆಂಟ್ ಬಂದ ಕ್ಷಣ ಮುಖ್ಯ ಮೆಮೊರಿ ಕೂಡ ಎದ್ದಿರುವುದಿಲ್ಲ. ಹಾಗಾದರೆ ಲಿನಕ್ಸನ್ನು ಓದುವವರು ಯಾರು, ಓದಿ ಇಡುವುದೆಲ್ಲಿ?

ನಮ್ಮ ಪೇಟೆಯ ದೊಡ್ಡ ಬಟ್ಟೆ ಅಂಗಡಿಯೊಂದು ಬೆಳಿಗ್ಗೆ ತೆರೆಯುವುದನ್ನು ನೆನಪಿಸಿಕೊಳ್ಳಿ. ಮೊದಲು ಬರುವ ಹುಡುಗನಿಗೆ ಬೀಗ ಎಲ್ಲಿದೆ ಎಂಬುದಷ್ಟೇ ಗೊತ್ತು. ಅರ್ಧ ಶಟರ್ ಎತ್ತಿ ಲೈಟ್ ಹಾಕುತ್ತಾನೆ. ಆಮೇಲೆ ಮುನ್ಷಿ ಬಂದು ರಾತ್ರಿ ಬರೆದಿಟ್ಟ ಚೀಟಿ ಓದಿ, ಯಾವ ಮಾಲು ಎಲ್ಲಿ ಎಂದು ಹೇಳುತ್ತಾರೆ. ಎಲ್ಲ ಸಿದ್ಧವಾದ ಮೇಲೆ ಯಜಮಾನರು ಗಲ್ಲಾದಲ್ಲಿ ಕೂರುತ್ತಾರೆ.

ಪೈ 3ರಲ್ಲಿ ಬೀಗದ ಹುಡುಗ ಎಂದರೆ ಚಿಪ್ ಒಳಗೇ ಅಚ್ಚಾಗಿರುವ ಬೂಟ್ ರಾಮ್. ಅದನ್ನು ನಾವು ಬದಲಿಸಲು ಬರುವುದಿಲ್ಲ. ಅದು ಕಾರ್ಡಿನ ಮೊದಲ ಭಾಗದಲ್ಲಿ ಬೂಟ್‌ಕೋಡ್ ಎಂಬ ಸಣ್ಣ ಕಡತ ಹುಡುಕಿ, ಮುಖ್ಯ ಮೆಮೊರಿ ಇನ್ನೂ ಏಳದ ಕಾರಣ 128 ಕೆಬಿಯ ಕ್ಯಾಶ್‌ನಲ್ಲಿ ಇಟ್ಟು ನಡೆಸುತ್ತದೆ. ಬೂಟ್‌ಕೋಡ್ ಮುಖ್ಯ ಮೆಮೊರಿಯನ್ನು ಎಬ್ಬಿಸಿ ಸ್ಟಾರ್ಟ್ ಎಂಬ ದೊಡ್ಡ ಕಡತ ತರುತ್ತದೆ. ಇದೇ ಮುನ್ಷಿ. ಇವರು ಓದುವ ಚೀಟಿಗಳು ಎರಡು. ಯಂತ್ರಾಂಶದ ವಿಷಯಕ್ಕೆ ಕಾನ್ಫಿಗ್, ಲಿನಕ್ಸ್‌ಗೆ ಹೇಳಬೇಕಾದ ಮಾತಿಗೆ ಸಿಎಂಡಿಲೈನ್. ಕೊನೆಗೆ ಕರ್ನೆಲ್ ಮೆಮೊರಿಗೆ ಬರುತ್ತದೆ, ಆಗ ಎಆರ್‌ಎಂ ಪ್ರೊಸೆಸರ್ ಓಡಲು ಶುರು. ಅಲ್ಲಿಯವರೆಗಿನ ಕೆಲಸ ಮಾಡುವುದು ಗ್ರಾಫಿಕ್ಸ್ ಭಾಗ ಎನ್ನುವುದು ಪೈನ ವಿಚಿತ್ರ. ಪೈ 4ರಲ್ಲಿ ಬೂಟ್‌ಕೋಡ್ ಕಾರ್ಡಿನಲ್ಲಿಲ್ಲ, ಬೋರ್ಡಿನ ಮೇಲಿನ ಬೇರೆ ಚಿಪ್‌ನಲ್ಲಿದೆ. ಬೀಗಲ್‌ಬೋನ್‌ನಂಥ ಬೇರೆ ಬೋರ್ಡುಗಳಲ್ಲಿ ಮುನ್ಷಿಯ ಕೆಲಸವನ್ನು ಯು-ಬೂಟ್ ಎಂಬ ಪ್ರೋಗ್ರಾಂ ಮಾಡುತ್ತದೆ. ಹೆಸರು ಬೇರೆಯಾದರೂ ಚಿಕ್ಕವನು ದೊಡ್ಡವನನ್ನು ಎಬ್ಬಿಸುವ ಕ್ರಮ ಅದೇ.

ಇಂಥ ಪುಟ್ಟ ಲಿನಕ್ಸ್ ಯಂತ್ರ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದ್ದರು. ಅಂಗೈ ಮೇಲಿನ ಆ ಕಂಪ್ಯೂಟರಿನಲ್ಲಿ 32 ಎಂಬಿ ಮೆಮೊರಿ, 24 ಎಂಬಿ ಫ್ಲ್ಯಾಶ್ ಇತ್ತು. ಓದು ಬಾರದವರಿಗೂ ಭಾರತೀಯ ಭಾಷೆಗಳಲ್ಲಿ ಮಾತಾಡಿ ತಿಳಿಸಬೇಕೆಂಬುದು ಗುರಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೂ ಬಂತು, ಆದರೆ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ವಸ್ತು ಒಳ್ಳೆಯದಿದ್ದೂ ಮಾರುಕಟ್ಟೆ ಸಿಗದಿರುವುದು ಹೇಗೆ ಎಂದು ಕಾಮರ್ಸ್‌ನವರಾದ ನಾವು ಓದಬೇಕಾದ ಉದಾಹರಣೆ ಅದು.

ಮತ್ತೆ ನಮ್ಮ ಬೋರ್ಡಿಗೆ. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಇಂಟರ್‌ನೆಟ್ ಇದ್ದರೆ ಅಲ್ಲಿಂದ ಸಮಯ ಕೇಳಿಕೊಳ್ಳುತ್ತದೆ. ಮಸೀದಿಯಲ್ಲಿ ಇಂಟರ್‌ನೆಟ್ ಇಲ್ಲ. ಆಗ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ಪ್ರೋಗ್ರಾಂ ಗಂಟೆಗೊಮ್ಮೆ ಕಾರ್ಡಿನಲ್ಲಿ ಬರೆದಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ಅಂದು ಕೊನೆಗೆ ಬರೆದದ್ದು 5.17ಕ್ಕೆ. ಕರೆಂಟ್ ಇಲ್ಲದ ಅರ್ಧ ಗಂಟೆ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಪರಿಹಾರ ಡಿಎಸ್3231 ಎಂಬ ಗಡಿಯಾರದ ಸಣ್ಣ ಮಾಡ್ಯೂಲ್, ಅದಕ್ಕೊಂದು ಬಟನ್ ಸೆಲ್. ತಪ್ಪು ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷ. ತಂತಿ ನಾಲ್ಕು: 3.3 ವೋಲ್ಟ್, ಗ್ರೌಂಡ್, 3ನೇ ಪಿನ್‌ಗೆ ಎಸ್‌ಡಿಎ, 5ನೇ ಪಿನ್‌ಗೆ ಎಸ್‌ಸಿಎಲ್. ತಂತಿ ಕೊಟ್ಟರಷ್ಟೇ ಲಿನಕ್ಸ್‌ಗೆ ತಿಳಿಯುವುದಿಲ್ಲ, ಚೀಟಿಯಲ್ಲಿ ಬರೆಯಬೇಕು. ಪೈ ಆಫ್ ಮಾಡಿ, ಕಾರ್ಡ್ ತೆಗೆದು, ರೀಡರ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿದೆ.

ಇಲ್ಲಿ ಒಂದು ಎಚ್ಚರಿಕೆ. ಕಾರ್ಡಿನಲ್ಲಿ ಎರಡು ಭಾಗ ಇರುತ್ತವೆ. ಮೊದಲನೆಯದು ಫ್ಯಾಟ್ ಮಾದರಿ, ವಿಂಡೋಸ್ ಅದನ್ನು ಓದುತ್ತದೆ. ಎರಡನೆಯದು ಲಿನಕ್ಸ್ ಮಾದರಿ, ವಿಂಡೋಸ್‌ಗೆ ಅರ್ಥವಾಗದೆ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ. ಹೌದು ಒತ್ತಿದರೆ ಎಲ್ಲವೂ ಹೋಯಿತು. ಕ್ಯಾನ್ಸಲ್ ಒತ್ತಿ.

ಮೊದಲ ಭಾಗದ ಕಾನ್ಫಿಗ್ ಕಡತದ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಡಿಟಿಓವರ್‌ಲೇ, ಸಮ ಚಿಹ್ನೆ, ಐ2ಸಿ-ಆರ್‌ಟಿಸಿ, ಅಲ್ಪವಿರಾಮ, ಡಿಎಸ್3231. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬಿಡಬಾರದು. ಇಂಥ ಗಡಿಯಾರ ಇಂಥ ತಂತಿಯಲ್ಲಿ ಇದೆ ಎಂದು ಕರ್ನೆಲ್ ಏಳುವ ಮೊದಲೇ ಅದಕ್ಕೆ ಕೊಡುವ ವಿವರ ಇದು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಪಕ್ಕದ ಸಿಎಂಡಿಲೈನ್ ಕಡತವನ್ನೂ ತೆರೆದೆ. ಒಂದೇ ಉದ್ದ ಸಾಲಿನಲ್ಲಿ ಎಲ್ಲ ತುಂಬಿತ್ತು. ಲೆಡ್ಜರ್‌ನಲ್ಲಿ ಬಾಬ್ತಿಗೊಂದು ಸಾಲು ಬರೆದು ಅಭ್ಯಾಸವಾದ ಕೈ, ಚೆಂದ ಕಾಣಲಿ ಎಂದು ಅಲ್ಲಲ್ಲಿ ಎಂಟರ್ ಒತ್ತಿ ಸೇವ್ ಮಾಡಿತು. ಕಾರ್ಡ್ ಹಾಕಿದರೆ ಕಾಮನಬಿಲ್ಲಿನ ಬಣ್ಣದ ಪರದೆ ಬಂತು, ಕರ್ನೆಲ್ ಸಾಲುಗಳು ಓಡಿದವು, ಆಮೇಲೆ 'ಕರ್ನೆಲ್ ಪ್ಯಾನಿಕ್'. ಪ್ಯಾನಿಕ್ ಆದದ್ದು ನಾನೂ ಹೌದು, ಏಕೆಂದರೆ ಇಶಾಗೆ ಒಂದೇ ಗಂಟೆ ಇತ್ತು.

ಕಾರಣ ಸರಳ. ಆ ಕಡತದಲ್ಲಿ ಇರಬೇಕಾದದ್ದು ಒಂದೇ ಸಾಲು, ಕೆಳಗಿನ ಸಾಲುಗಳು ಲೆಕ್ಕಕ್ಕಿಲ್ಲ. ನಾನು ಕೆಳಗೆ ತಳ್ಳಿದ್ದರಲ್ಲಿ ಎರಡು ಮುಖ್ಯ ಮಾತು ಇದ್ದವು. 'ರೂಟ್' ಎಂಬುದು ಲಿನಕ್ಸ್‌ನ ಉಳಿದ ಕಡತಗಳು ಕಾರ್ಡಿನ ಎರಡನೇ ಭಾಗದಲ್ಲಿವೆ ಎಂದು ಹೇಳುತ್ತದೆ. 'ರೂಟ್‌ವೇಟ್' ಎಂಬುದು ಕಾರ್ಡ್ ಕಾಣಿಸುವವರೆಗೆ ಕಾಯಲು ಹೇಳುತ್ತದೆ. ಕಾರ್ಡನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕು, ಕರ್ನೆಲ್‌ಗೆ ಅವಸರ ಹೆಚ್ಚು. ಸಾಲುಗಳನ್ನು ಮತ್ತೆ ಒಂದಾಗಿಸಿದೆ, ಬೋರ್ಡ್ ಎದ್ದಿತು.

ಪರದೆಯಲ್ಲಿ ಏನೂ ಬರದಿದ್ದರೆ ಹಸಿರು ದೀಪ ನೋಡಿ. ಮತ್ತೆ ಮತ್ತೆ ನಾಲ್ಕು ಸಲ ಮಿನುಗಿದರೆ ಸ್ಟಾರ್ಟ್ ಕಡತ ಸಿಕ್ಕಿಲ್ಲ, ಏಳು ಸಲ ಮಿನುಗಿದರೆ ಕರ್ನೆಲ್ ಸಿಕ್ಕಿಲ್ಲ. ಹೊಸ ಕಾರ್ಡ್ ಮಾಡುವವರ ಸಾಮಾನ್ಯ ತಪ್ಪು ಇನ್ನೊಂದಿದೆ. ಡೌನ್‌ಲೋಡ್ ಮಾಡಿದ ಇಮೇಜ್ ಕಡತವನ್ನು ಹಾಗೇ ಕಾರ್ಡಿಗೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರಾಸ್ಪ್‌ಬೆರಿ ಪೈ ಇಮೇಜರ್‌ನಿಂದ ಬರೆಯಬೇಕು, ಆಗಲೇ ಎರಡು ಭಾಗಗಳು ಆಗುತ್ತವೆ.

ಎದ್ದ ಮೇಲೆ ಉಳಿದದ್ದು ಇಷ್ಟು. ಫೇಕ್-ಎಚ್‌ಡಬ್ಲ್ಯುಕ್ಲಾಕ್ ತೆಗೆದುಹಾಕಿದೆ. ಎಚ್‌ಡಬ್ಲ್ಯುಕ್ಲಾಕ್-ಸೆಟ್ ಎಂಬ ಕಡತದಲ್ಲಿ 'ಸಿಸ್ಟಮ್‌ಡಿ ಇದ್ದರೆ ಹೊರಗೆ ಹೋಗು' ಎನ್ನುವ ಮೂರು ಸಾಲುಗಳ ಮುಂದೆ ಹ್ಯಾಶ್ ಹಾಕಿ ನಿಲ್ಲಿಸಿದೆ. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಸರಿಯಾದ ಸಮಯ ಬರಿಸಿ, ಎಚ್‌ಡಬ್ಲ್ಯುಕ್ಲಾಕ್ ಎಂಬ ಆಜ್ಞೆಗೆ ಡಬ್ಲ್ಯು ಆಯ್ಕೆ ಕೊಟ್ಟು ಮಾಡ್ಯೂಲಿನಲ್ಲಿ ಬರೆಸಿದೆ. ಆರ್ ಆಯ್ಕೆ ಕೊಟ್ಟರೆ ಅದೇ ಸಮಯ ಓದಿ ತೋರಿಸುತ್ತದೆ. ಆಮೇಲೆ ಹಾಟ್‌ಸ್ಪಾಟ್ ತೆಗೆದು, ಪೈ ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಎರಡು ಗಂಟೆ ಬಿಟ್ಟೆ. ಮತ್ತೆ ಹಾಕಿದಾಗ ಬಂದ ಸಮಯವೂ ಮಾಮೂ ಕೈಗಡಿಯಾರವೂ ಒಂದೇ ಆಗಿದ್ದವು.

ಕೊನೆಯ ಕೆಲಸ ಮಳೆಗಾಲಕ್ಕಾಗಿ. ಕಾರ್ಡಿನಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತಗಳು ಕೆಡಬಹುದು. ಜೂನ್‌ನಲ್ಲಿ ನಮ್ಮ ಕರಾವಳಿಯಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಿಲ್ಲ. ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಬರೆಯುವುದೆಲ್ಲ ಮೆಮೊರಿಗೆ ಮಾತ್ರ ಹೋಗುತ್ತದೆ, ಕಾರ್ಡ್ ಮುಟ್ಟುವುದಿಲ್ಲ. ಇದನ್ನು ಎಲ್ಲ ಬದಲಾವಣೆ ಮುಗಿದ ಮೇಲೆಯೇ ಆನ್ ಮಾಡಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಮುಂದಿನ ಸಲ ಆನ್ ಆಗುವಾಗ ಮಾಯ.

ಇದಕ್ಕೆ ತೆತ್ತ ಬೆಲೆ ಒಂದಿದೆ. ಜಮಾಅತ್ ವೇಳೆ ಬದಲಾದಾಗಲೆಲ್ಲ ಓವರ್‌ಲೇ ಆಫ್ ಮಾಡಿ, ಪೈಯನ್ನು ಮತ್ತೆ ಬೂಟ್ ಮಾಡಿ, ವೇಳೆ ತಿದ್ದಿ, ಓವರ್‌ಲೇ ಆನ್ ಮಾಡಿ, ಇನ್ನೊಮ್ಮೆ ಬೂಟ್ ಮಾಡಬೇಕು. ಗುರುವಾರ ಅಸರ್ ನಂತರ ಆ ಕೆಲಸ ಈಗ ನನ್ನದು. ಯಾರಾದರೂ ಕಲಿಯಲು ಬರುವುದಾದರೆ ಬನ್ನಿ, ಏಣಿ ಹಿಡಿಯಲು ಒಬ್ಬರು ಬೇಕು.